ಚೀಲದ ತಳದಲ್ಲಿ ಚಕ್ಲಿ: ಥಿಯೇಟರ್‌ಗೆ ತಿಂಡಿ ಮುಚ್ಚಿಟ್ಟುಕೊಂಡು ಹೋಗುವುದು ತಪ್ಪಾ?

ಪ್ರಶ್ನೆ: ಸರ್, ನಾವು ಗದಗಿನವರು. ಆಗಾಗ ಮನೆಮಂದಿಯೆಲ್ಲ ಹುಬ್ಬಳ್ಳಿಗೆ ಹೋಗಿ ಮಲ್ಟಿಪ್ಲೆಕ್ಸ್‌ನಲ್ಲಿ ಸಿನಿಮಾ ನೋಡುತ್ತೇವೆ. ಒಳಗೆ ಪಾಪ್‌ಕಾರ್ನ್, ಕೋಲಾ ಅಂತ ತೆಗೆದುಕೊಂಡರೆ ಟಿಕೆಟ್‌ಗಿಂತ ಜಾಸ್ತಿ ಬಿಲ್ ಆಗುತ್ತದೆ. ಅದಕ್ಕೇ ನಾನು ವ್ಯಾನಿಟಿ ಬ್ಯಾಗಿನ ತಳದಲ್ಲಿ, ಸ್ವೆಟರ್ ಕೆಳಗೆ, ಚಕ್ಲಿ, ಅವಲಕ್ಕಿ ಚೂಡಾ, ಶೇಂಗಾ ಉಂಡಿ ಇಟ್ಟುಕೊಂಡು ಹೋಗುತ್ತೇನೆ. ನಮ್ಮವರಿಗೆ ಇದು ಸೇರುವುದಿಲ್ಲ. "ಏನಲೇ ಇದು, ಕಳ್ಳರಂಗ ಮುಚ್ಚಿಟಗೊಂಡು ಹೋಗೂದು? ನನಗ ಮಾನ ಹೋದಂಗ ಆಗತೈತಿ" ಅನ್ನುತ್ತಾರೆ. ಒಳಗೆ ಹೋಗಿ ಲೈಟ್ ಆರಿದ ಮೇಲೆ ಮೊದಲು ಚಕ್ಲಿ ಕೇಳುವವರು ಅವರೇ, ಆ ಮಾತು ಬೇರೆ. ಅತ್ತೆಯವರಿಗೆ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹೋದ ಸಲ ಗೇಟಿನಲ್ಲಿ ಸೆಕ್ಯುರಿಟಿಯವರು ಡಬ್ಬಿ ತೆಗೆಸಿ, ಒಳಗಿನದ್ದನ್ನು ಕಸದ ಬುಟ್ಟಿಗೆ ಸುರಿದರು. ನಾನು ಮಾಡುವುದು ಕಳವಾ? ಕಳವಲ್ಲದಿದ್ದರೂ ತಪ್ಪಾ? ಅವರು ಹಾಗೆ ಸುರಿಯಬಹುದಾ?
– ಒಬ್ಬ ಶಿಕ್ಷಕಿ, ಗದಗ

ಉತ್ತರ: ಅಕ್ಕಾವ್ರೆ, ಕಳವಂತೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳವು ಅಂದರೆ ಇನ್ನೊಬ್ಬರ ಹತ್ತಿರ ಇರುವ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ, ಕೆಟ್ಟ ಉದ್ದೇಶದಿಂದ ತೆಗೆದುಕೊಳ್ಳುವುದು. ಚಕ್ಲಿ ನಿಮ್ಮದು, ಹಿಟ್ಟು ನಿಮ್ಮದು, ಕರಿದ ಎಣ್ಣೆಯೂ ನಿಮ್ಮದೇ. ನೀವು ಒಳಗೆ ಒಯ್ಯುತ್ತಿದ್ದೀರಿ, ಅಲ್ಲಿಂದ ಏನನ್ನೂ ಹೊರಗೆ ತರುತ್ತಿಲ್ಲ. ಟಿಕೆಟ್ ತೆಗೆಸಿಯೇ ಒಳಗೆ ಹೋಗಿದ್ದೀರಿ, ಹಾಗಾಗಿ ಅತಿಕ್ರಮ ಪ್ರವೇಶವೂ ಅಲ್ಲ. ಪೊಲೀಸರನ್ನು ಕರೆಸುತ್ತೇವೆ ಅಂತ ಯಾರಾದರೂ ಗದರಿಸಿದರೆ ಗಾಬರಿಯಾಗಬೇಡಿ.

"ಅವರ ಪಾಪ್‌ಕಾರ್ನ್ ಮಾರಾಟ ತಪ್ಪಿಸಿದೆವಲ್ಲ, ಅದೂ ನಷ್ಟವೇ ಅಲ್ವಾ?" ಎಂದು ಕೆಲವರು ಕೇಳುತ್ತಾರೆ. ಈ ವಾದ ನಿಲ್ಲುವುದಿಲ್ಲ. ನೀವು ಮನೆಯಲ್ಲೇ ಹೊಟ್ಟೆ ತುಂಬ ರೊಟ್ಟಿ ಉಂಡು ಹೋದರೂ ಅವರಿಗೆ ಅಷ್ಟೇ ನಷ್ಟ. ಪಾಪ್‌ಕಾರ್ನ್ ಕೊಳ್ಳಲೇಬೇಕು ಅನ್ನುವ ಬಾಕಿ ಯಾರ ತಲೆಯ ಮೇಲೂ ಇಲ್ಲ.

ಹಾಗಾದರೆ ನೀವು ಮುರಿಯುತ್ತಿರುವುದು ಏನು? ಒಂದು ಷರತ್ತು. ಟಿಕೆಟ್ ಕೊಳ್ಳುವಾಗ ನಾವು ಓದದೆ ಒಪ್ಪಿಕೊಳ್ಳುವ ಷರತ್ತುಗಳಲ್ಲಿ "ಹೊರಗಿನ ಆಹಾರಕ್ಕೆ ಅವಕಾಶ ಇಲ್ಲ" ಅನ್ನುವುದೂ ಒಂದು. ಇದಕ್ಕೆ ಕಾನೂನಿನ ಬಲ ಇದೆಯೋ ಇಲ್ಲವೋ ಎಂದು ಬಹಳ ದಿನ ಗೊಂದಲ ಇತ್ತು. ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ 2018ರ ಜುಲೈನಲ್ಲಿ, ಪ್ರೇಕ್ಷಕರು ಹೊರಗಿನ ತಿಂಡಿ ತರುವುದನ್ನು ಥಿಯೇಟರ್‌ನವರು ತಡೆಯಬಾರದು ಎಂದು ಹೇಳಿತ್ತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 2023ರ ಜನವರಿ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರ ಪೀಠ ಆ ಆದೇಶವನ್ನು ರದ್ದು ಮಾಡಿತು. ಚಿತ್ರಮಂದಿರ ಖಾಸಗಿ ಜಾಗ. ಸಾರ್ವಜನಿಕ ಹಿತಕ್ಕೆ, ಸುರಕ್ಷತೆಗೆ ಧಕ್ಕೆ ಆಗದಿದ್ದರೆ ಅಲ್ಲಿನ ನಿಯಮ ಮಾಡುವ ಹಕ್ಕು ಮಾಲೀಕನದು ಎಂದಿತು. ವಿಚಾರಣೆಯಲ್ಲಿ ಮುಖ್ಯ ನ್ಯಾಯಮೂರ್ತಿಗಳು ಜಿಲೇಬಿಯ ಉದಾಹರಣೆ ಕೊಟ್ಟಿದ್ದರು. ಯಾರೋ ಜಿಲೇಬಿ ತಂದು, ತಿಂದು, ಅಂಟು ಬೆರಳನ್ನು ಸೀಟಿಗೆ ಒರೆಸಿದರೆ ತೊಳೆಸುವ ಖರ್ಚು ಯಾರದು? ಜಿಲೇಬಿ ಜಾಗದಲ್ಲಿ ನಮ್ಮ ಮಿರ್ಚಿ ಭಜಿ ಇಟ್ಟು ನೋಡಿ, ಎಣ್ಣೆ ಇನ್ನೂ ಜಾಸ್ತಿ.

ಅದೇ ತೀರ್ಪಿನಲ್ಲಿ ಇನ್ನೆರಡು ಮಾತು ಇವೆ. ನಮ್ಮ ಜನ ಅವನ್ನು ಮರೆತುಬಿಡುತ್ತಾರೆ. ಥಿಯೇಟರ್‌ನವರು ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು. ತಂದೆತಾಯಿ ಜೊತೆ ಬರುವ ಚಿಕ್ಕ ಮಕ್ಕಳಿಗೆ ಬೇಕಾದಷ್ಟು ಆಹಾರ ತರಲು ಬಿಡಬೇಕು. ಅಂದರೆ ಕೂಸಿನ ಹಾಲಿನ ಬಾಟಲಿ, ರಾಗಿ ಸರಿ ಇವನ್ನೆಲ್ಲ ಸ್ವೆಟರ್ ಕೆಳಗೆ ಮುಚ್ಚಿಡುವ ಅಗತ್ಯವೇ ಇಲ್ಲ. ಎದುರಿಗೆ ಹಿಡಿದು ಹೋಗಿ. ಏಳನೇ ಕ್ಲಾಸಿನ ಮಗನನ್ನು ತೋರಿಸಿ "ನಮ್ಮ ಕೂಸು" ಅಂದರೆ ಮಾತ್ರ ನಡೆಯುವುದಿಲ್ಲ.

ಇಷ್ಟು ಕಾನೂನು. ನೀವು ಕೇಳಿದ್ದು ತಪ್ಪೋ ಸರಿಯೋ ಅಂತ. ಕಾನೂನು ಮಾಲೀಕನ ಕಡೆ ಇದ್ದ ಮಾತ್ರಕ್ಕೆ ನ್ಯಾಯವೂ ಅವನ ಕಡೆಯೇ ಇರಬೇಕು ಅಂತೇನಿಲ್ಲ. ಅದಕ್ಕೆ ಆ ನಿಯಮದ ಹಿಂದೆ ಏನಿದೆ ಅಂತ ಸ್ವಲ್ಪ ನೋಡಬೇಕು.

ಸ್ವಚ್ಛತೆ, ವಾಸನೆ, ಇಲಿ ಕಾಟ ಎಲ್ಲ ನಿಜವೇ. ಆದರೆ ಮುಖ್ಯ ಕಾರಣ ದುಡ್ಡು. ಟಿಕೆಟ್ ದುಡ್ಡೆಲ್ಲ ಥಿಯೇಟರ್‌ಗೆ ಹೋಗುತ್ತದೆ ಅಂತ ನಾವು ತಿಳಿದಿರುತ್ತೇವೆ. ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್‌ಗೆ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18 ಜಿಎಸ್‌ಟಿ. ಅದು ಸರ್ಕಾರಕ್ಕೆ. ಉಳಿದದ್ದರಲ್ಲಿ ವಿತರಕರ ಪಾಲು ಇದೆ. 2009ರಲ್ಲಿ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸ್‌ಗಳ ಜೊತೆ ಜಗಳವಾಡಿ, ತಿಂಗಳುಗಟ್ಟಲೆ ಹೊಸ ಚಿತ್ರ ಕೊಡದೆ, ಕೊನೆಗೆ ಒಪ್ಪಂದಕ್ಕೆ ಬಂದರು. ವಿತರಕರಿಗೆ ಮೊದಲ ವಾರ ಅರ್ಧಕ್ಕರ್ಧ, ಎರಡನೇ ವಾರ ಶೇ 42.5, ಆಮೇಲೆ ಇನ್ನೂ ಇಳಿಯುತ್ತಾ ಹೋಗುತ್ತದೆ. ಜನ ಮುಗಿಬೀಳುವುದು ಮೊದಲ ವಾರವೇ ಅಲ್ವಾ? ಆಗಲೇ ಥಿಯೇಟರ್‌ನ ಪಾಲು ಕಡಿಮೆ. ಪಾಪ್‌ಕಾರ್ನ್‌ನಲ್ಲಿ ಮಾತ್ರ ವಿತರಕನಿಗೆ ಪಾಲಿಲ್ಲ. ನಿರ್ಮಾಪಕ, ನಾಯಕ ಯಾರಿಗೂ ಇಲ್ಲ. ಆ ಲಾಭ ಪೂರ್ತಿ ಥಿಯೇಟರ್‌ನದೇ. ಹೀಗಾಗಿ ಅವರು ನಿಜವಾಗಿ ನಡೆಸುವುದು ತಿಂಡಿ ಅಂಗಡಿ, ಸಿನಿಮಾ ಅದಕ್ಕೆ ಗಿರಾಕಿ ಕರೆತರುವ ದಾರಿ ಅಂತ ಆ ವ್ಯಾಪಾರದವರೇ ನಗುತ್ತಾ ಹೇಳುತ್ತಾರೆ.

ತಿಂಡಿ ದುಬಾರಿ ಇಟ್ಟು ಟಿಕೆಟ್ ಕಡಿಮೆ ಇಡುವುದರಿಂದ ಬಡವನಿಗೆ ಲಾಭ ಅನ್ನುವ ವಾದವೂ ಇದೆ. ರಿಕಾರ್ಡ್ ಗಿಲ್ ಮತ್ತು ವೆಸ್ಲಿ ಹಾರ್ಟ್‌ಮನ್ ಎಂಬ ಇಬ್ಬರು ಸಂಶೋಧಕರು ಸ್ಪೇನ್‌ನ ಥಿಯೇಟರ್‌ಗಳ ಲೆಕ್ಕಪತ್ರ ನೋಡಿ 2009ರಲ್ಲಿ ಇದನ್ನೇ ಹೇಳಿದರು. ಪಾಪ್‌ಕಾರ್ನ್‌ಗೆ ಜಾಸ್ತಿ ಕೊಡಲು ತಯಾರಿದ್ದವನು ಕೊಡುತ್ತಾನೆ, ಬರೀ ಸಿನಿಮಾ ಬೇಕಾದವನು ಕಡಿಮೆ ದುಡ್ಡಿಗೆ ನೋಡಿಕೊಂಡು ಹೋಗುತ್ತಾನೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ದೊಡ್ಡ ಚಿತ್ರ ಬಿಡುಗಡೆಯಾದ ವಾರ ಟಿಕೆಟ್ ಬೆಲೆಯೂ ಏರುತ್ತದೆ, ಪಾಪ್‌ಕಾರ್ನ್ ಬೆಲೆ ಇಳಿಯುವುದಿಲ್ಲ. ಆಗ ಈ ವಾದವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ಬೆಲೆಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ನವೆಂಬರ್‌ನಲ್ಲಿ, ನ್ಯಾಯಮೂರ್ತಿಗಳೇ ನೀರಿನ ಬಾಟಲಿಗೆ ನೂರು, ಕಾಫಿಗೆ ಏಳು ನೂರು ತೆಗೆದುಕೊಂಡರೆ ಹಾಲ್‌ಗಳು ಖಾಲಿಯಾಗುತ್ತವೆ ಎಂಬ ಅರ್ಥದ ಮಾತು ಆಡಿದರು. ಅದು ತೀರ್ಪಲ್ಲ, ವಿಚಾರಣೆ ವೇಳೆಯ ಮಾತು. ಆದರೂ ನಿಮ್ಮ ಸಿಟ್ಟು ನಿಮ್ಮೊಬ್ಬರದೇ ಅಲ್ಲ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಪಾಪ್‌ಕಾರ್ನ್ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. "ನಮ್ಮ ಹಾವೇರಿ, ಗದಗಿನ ರೈತ ಬೆಳೆದ ಗೋವಿನಜೋಳವನ್ನೇ ನಮಗೆ ಇನ್ನೂರು, ಮುನ್ನೂರಕ್ಕೆ ಮಾರುತ್ತಾರೆ" ಅಂತ ಬಸ್ಸಿನಲ್ಲಿ ಮಾತಾಡುವುದನ್ನು ಕೇಳಿರುತ್ತೀರಿ. ನಮ್ಮ ಹೊಲದ ಗೋವಿನಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ, ಸ್ಟಾರ್ಚ್‌ಗೆ ಹೋಗುತ್ತದೆ. ಅರಳುವ ಜೋಳದ ತಳಿಯೇ ಬೇರೆ. ಆದರೂ ಆ ಮಾತಿನ ನೋವು ಸುಳ್ಳಲ್ಲ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಕಿಲೋಕ್ಕೆ 24. ಅದೂ ಸಿಗುತ್ತಿಲ್ಲ, ಖರೀದಿ ಕೇಂದ್ರ ತೆರೆಯಿರಿ ಅಂತ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕುಳಿತಿದ್ದರು.

ಸರಿ, ಬೆಲೆ ಅನ್ಯಾಯದ್ದು ಅಂತಲೇ ಇಟ್ಟುಕೊಳ್ಳೋಣ. ಹಾಗಂತ ಮುಚ್ಚಿಟ್ಟು ಒಯ್ಯುವುದು ಸರಿಯಾಗುತ್ತದಾ?

ಇಲ್ಲಿ ನಾನು ಅರ್ಧ ನಿಮ್ಮ ಯಜಮಾನರ ಕಡೆ. ಆದರೆ ಅವರ ಕಾರಣ ಬೇರೆ, ನನ್ನದು ಬೇರೆ. ಅವರಿಗೆ ಮಾನದ ಚಿಂತೆ. ಅದನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. (ಚಕ್ಲಿ ತಿಂದವರಿಗೂ ಅದರಲ್ಲಿ ಪಾಲಿದೆ ಅಂತ ಅವರಿಗೆ ಹೇಳಿ.) ನನ್ನನ್ನು ಕಾಡುವುದು ಗೇಟಿನಲ್ಲಿ ಆಡುವ ಸುಳ್ಳು. "ಅಕ್ಕಾರ, ತಿನ್ನೂದು ಏನಾರ ಐತೇನ್ರಿ?" ಅಂತ ಆ ಹುಡುಗ ಕೇಳುತ್ತಾನೆ. "ಏನಿಲ್ಲಪಾ" ಅನ್ನುತ್ತೀರಿ. ಬೆಲೆ ಇಟ್ಟವನು ಇವನಲ್ಲ. ಇಟ್ಟವರು ಎಲ್ಲೋ ಗುರುಗ್ರಾಮದಲ್ಲೋ ಮುಂಬೈಯಲ್ಲೋ ಇರುತ್ತಾರೆ. ಇವನು ಏಜೆನ್ಸಿ ಕೆಲಸದವನು, ಪಕ್ಕದ ಹಳ್ಳಿಯವನು. ಮಧ್ಯಾಹ್ನದಿಂದ ರಾತ್ರಿ ಕೊನೆಯ ಷೋವರೆಗೆ ನಿಂತೇ ಇರುವವನು. ಒಳಗೆ ಸೀಟಿನ ಕೆಳಗೆ ಹೊರಗಿನ ಪೊಟ್ಟಣ ಸಿಕ್ಕರೆ ಮ್ಯಾನೇಜರ್ ಹತ್ತಿರ ಬೈಸಿಕೊಳ್ಳುವವನೂ ಅವನೇ. ಕಂಪನಿ ಮೇಲಿನ ಸಿಟ್ಟನ್ನು ನಾವು ತೀರಿಸುವುದು ಇವನ ಮೇಲೆ. ನೀವು ಶಿಕ್ಷಕಿ. ಕ್ಲಾಸಿನಲ್ಲಿ ಹುಡುಗರು ಹಾಗೆ ಮಾಡಿದರೆ ನೀವು ಬಿಡುತ್ತೀರಾ?

"ಇದು ನಮ್ಮ ಪ್ರತಿಭಟನೆ" ಅನ್ನುವವರೂ ಇದ್ದಾರೆ, ಹೆಚ್ಚಾಗಿ ಕಾಲೇಜು ಹುಡುಗರು. ಪ್ರತಿಭಟನೆ ಕಣ್ಣಿಗೆ ಬೀಳಬೇಕು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರು ಹಾಡುಹಗಲೇ, ಸಾವಿರಾರು ಜನರ ಎದುರು ಮುರಿದರು. ಉಪ್ಪನ್ನು ಸೀರೆ ಸೆರಗಿನಲ್ಲಿ ಅಡಗಿಸಿಕೊಂಡು ಮನೆಗೆ ಹೋಗಿದ್ದರೆ ಬ್ರಿಟಿಷರಿಗೆ ಏನು ಗೊತ್ತಾಗುತ್ತಿತ್ತು? ಚೀಲದ ತಳದ ಚಕ್ಲಿಯಿಂದ ಉಳಿಯುವುದು ನಿಮ್ಮ ನಾಲ್ಕು ನೂರು, ಐದು ನೂರು ರೂಪಾಯಿ. ಉಳಿತಾಯ ಕೆಟ್ಟದ್ದೇನಲ್ಲ. ಸುಮ್ನೆ ಅದಕ್ಕೆ ಹೋರಾಟದ ಹೆಸರು ಬೇಡ. ಬೆಲೆ ಇಳಿಯಬೇಕು ಅಂತಿದ್ದರೆ ಏನೂ ಕೊಳ್ಳದೆ ಕುಳಿತುಕೊಳ್ಳುವುದು, ಗೇಟಿನಲ್ಲಿ ಡಬ್ಬಿ ತೋರಿಸಿ ವಾದ ಮಾಡುವುದು, ದೂರು ಕೊಡುವುದು ಇವೇ ತಾಕುವ ದಾರಿ. ಏನೂ ಕೊಳ್ಳದವರು ಜಾಸ್ತಿಯಾದರೆ ಕಂಪನಿಯ ಲೆಕ್ಕದಲ್ಲಿ ಅದು ಕಾಣುತ್ತದೆ.

ಅಮೆರಿಕದ ಕಥೆ ಮಜವಾಗಿದೆ. ನೂರು ವರ್ಷದ ಹಿಂದೆ ಅಲ್ಲಿನ ದೊಡ್ಡ ಥಿಯೇಟರ್‌ಗಳು ಪಾಪ್‌ಕಾರ್ನ್ ಅಂದರೆ ಮೂಗು ಮುರಿಯುತ್ತಿದ್ದವು. ಕಾರ್ಪೆಟ್ ಹಾಳಾಗುತ್ತದೆ, ಕರಕರ ಸದ್ದು ಬರುತ್ತದೆ ಅಂತ. ಜನ ಬೀದಿ ಗಾಡಿಯವನಿಂದ ಕೊಂಡು ಕೋಟಿನೊಳಗೆ ಮುಚ್ಚಿಟ್ಟುಕೊಂಡು ಹೋಗುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಟಿಕೆಟ್ ದುಡ್ಡು ಸಾಲದಾದಾಗ ಥಿಯೇಟರ್‌ನವರಿಗೆ ಬುದ್ಧಿ ಬಂತು. ಗಾಡಿಯವನನ್ನು ಓಡಿಸಿ ತಾವೇ ಮಾರಲು ಕುಳಿತರು.

ನಮ್ಮ ಊರುಗಳ ಹಳೆಯ ಟಾಕೀಸುಗಳಲ್ಲಿ ಇಂಥ ಬಿಗಿ ಇರಲಿಲ್ಲ. ಹುಬ್ಬಳ್ಳಿಯ ಅಪ್ಸರಾ, ಸುಧಾ, ಧಾರವಾಡದ ಸಂಗಮ ಅಂದರೆ ಹೊರಗೆ ಶೇಂಗಾ, ಚುರಮರಿ ಗಾಡಿ ಇದ್ದೇ ಇರಬೇಕು ಅನ್ನುವ ಕಾಲ ಅದು. ಇಂಟರ್‌ವಲ್‌ನಲ್ಲಿ ಹೊರಗೆ ಬಂದು ಬಿಸಿ ಮಿರ್ಚಿ ಹೊಡೆದು, ಚಹಾ ಕುಡಿದು ಒಳಗೆ ಓಡುತ್ತಿದ್ದೆವು. ಒಳಗಿನ ಕ್ಯಾಂಟೀನಿಗೆ ಹೊರಗಿನ ಗಾಡಿಯ ಭಯ ಇತ್ತು, ಹಾಗಾಗಿ ಬೆಲೆ ಮಿತಿಯಲ್ಲಿ ಇರುತ್ತಿತ್ತು. ಮಲ್ಟಿಪ್ಲೆಕ್ಸ್ ನಾಲ್ಕನೇ ಮಹಡಿಯಲ್ಲಿ. ಅಲ್ಲಿಂದ ಇಳಿದು ದುರ್ಗದಬೈಲಿಗೆ ಹೋಗಿ ಗಿರ್ಮಿಟ್ ತಿಂದು ಬರುವಷ್ಟರಲ್ಲಿ ವಿಲನ್ ಸತ್ತಿರುತ್ತಾನೆ. ನನ್ನ ತಕರಾರು ಇರುವುದು ಈ ಜಾಗದಲ್ಲಿ. ಹೊರಗಿನದು ಬೇಡ ಅನ್ನುವ ನಿಯಮ, ಒಳಗೆ ಒಂದೇ ಅಂಗಡಿ, ಮೇಲೆ ಮನಸ್ಸಿಗೆ ಬಂದ ಬೆಲೆ. ಮೂರೂ ಒಟ್ಟಿಗೆ ಸೇರಿದಾಗ ಗಿರಾಕಿಗೆ "ಬೇಡ" ಅನ್ನುವ ಆಯ್ಕೆ ಮಾತ್ರ ಉಳಿಯುತ್ತದೆ. ಮೂರು ತಾಸಿನ ಸಿನಿಮಾಕ್ಕೆ ದೊಡ್ಡವರಿಗೆ ಅಷ್ಟು ಸಾಕು. ಮಕ್ಕಳಿಗೆ, ವಯಸ್ಸಾದವರಿಗೆ ಸಾಲದು.

ಹಾಗಾಗಿ ನನ್ನ ನಿಲುವು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಒಳಗೆ ಪುಕ್ಕಟೆ ನೀರು ಇಟ್ಟಿಲ್ಲ, ಅಥವಾ ಫಿಲ್ಟರ್ ಇದೆ ಆದರೆ ಲೋಟ ಇಲ್ಲ, ನಲ್ಲಿಯಲ್ಲಿ ನೀರಿಲ್ಲ ಅಂತಾದರೆ ನೀವು ಬಾಟಲಿ ಒಯ್ದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಮುಚ್ಚಿಟ್ಟು ಒಯ್ದರೂ ಅನ್ನುವುದಿಲ್ಲ. ತನ್ನ ಕರ್ತವ್ಯ ಬಿಟ್ಟವನು ನಿಮ್ಮ ಕರ್ತವ್ಯ ಕೇಳುವ ಹಾಗಿಲ್ಲ. ಅಗರ್ತಲಾದ ಒಂದು ಮಲ್ಟಿಪ್ಲೆಕ್ಸ್ ವಿಷಯದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2015ರಲ್ಲೇ ಇದನ್ನು ಹೇಳಿದೆ: ಹೊರಗಿನ ನೀರು ತಡೆದು, ಒಳಗೆ ಪುಕ್ಕಟೆ ನೀರು ಇಡದಿದ್ದರೆ ಅದು ಸೇವಾ ಲೋಪ. ಚಕ್ಲಿ, ಚೂಡಾ ಸಣ್ಣ ತಪ್ಪು. ಅದಕ್ಕೆ ನಿಮ್ಮ ನಿದ್ದೆ ಕೆಡುವುದು ಬೇಡ, ಆದರೆ ಮಕ್ಕಳ ಎದುರಿಗೆ ಮಾಡಬೇಡಿ. ಮಿರ್ಚಿ ಭಜಿ, ಎಗ್ ರೈಸ್, ಬಳ್ಳೊಳ್ಳಿ ಒಗ್ಗರಣೆಯ ಚುರಮರಿ ಒಯ್ಯುವವರನ್ನು ಮಾತ್ರ ನಾನು ಕ್ಷಮಿಸುವುದಿಲ್ಲ. ಅಲ್ಲಿ ನಷ್ಟ ಕಂಪನಿಗಲ್ಲ. ಎ.ಸಿ. ಹಾಲ್‌ನಲ್ಲಿ ಪಕ್ಕದವನು ಎರಡು ತಾಸು ನಿಮ್ಮ ಊಟದ ವಾಸನೆ ಕುಡಿಯುತ್ತಾನೆ. ಷೋ ಮುಗಿದ ಮೇಲೆ ಮುಂದಿನ ಷೋಗೆ ಹಾಲ್ ಗುಡಿಸುವ ಹೆಣ್ಣುಮಕ್ಕಳಿಗೆ ಸಿಗುವುದು ಕೆಲವೇ ನಿಮಿಷ. ಚೂಡಾ ಚೆಲ್ಲಿ ಬರುವವರೂ ಇದನ್ನು ಸ್ವಲ್ಪ ನೆನಪಿಡಲಿ. ಅಂಗಡಿಯ ಪಾಪ್‌ಕಾರ್ನ್ ಚೆಲ್ಲುವವರಿಗೂ ಈ ಮಾತು ಸೇರುತ್ತದೆ ಅನ್ನಿ.

ಈಗ ಅತ್ತೆಯವರ ವಿಷಯ. ಇದನ್ನು ಮೇಲಿನ ಯಾವುದರ ಜೊತೆಗೂ ಸೇರಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಬೆವರು, ನಡುಕ ಬರುತ್ತದೆ, ತಡವಾದರೆ ಪ್ರಜ್ಞೆಯೂ ತಪ್ಪಬಹುದು. ಆಗ ಕೌಂಟರಿನ ಕ್ಯೂನಲ್ಲಿ ನಿಲ್ಲಲಾಗದು. ಗ್ಲೂಕೋಸ್ ಪುಡಿ, ಸಕ್ಕರೆ, ಒಂದು ಬಿಸ್ಕಿಟ್ ಪ್ಯಾಕೆಟ್ ಅವರ ಕೈಚೀಲದಲ್ಲೇ ಇರಲಿ, ಮೇಲೆಯೇ ಇರಲಿ. ಮುಚ್ಚಿಟ್ಟರೆ ಅದು ತಪ್ಪು ಮಾಡಿದ ಹಾಗೆ ಕಾಣುತ್ತದೆ, ಮತ್ತು ಬೇಕಾದಾಗ ಬೇಗ ಕೈಗೆ ಸಿಗುವುದಿಲ್ಲ. ವೈದ್ಯರ ಚೀಟಿಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಗೇಟಿನಲ್ಲಿ ನೀವೇ ಮೊದಲು ಹೇಳಿ: "ನಮ್ಮ ಅತ್ತಿಯವರಿಗೆ ಶುಗರ್ ಐತ್ರಿ, ಇದು ಅವರಿಗೆ." ಸಾಮಾನ್ಯವಾಗಿ ಬಿಡುತ್ತಾರೆ. ಬಿಡದಿದ್ದರೆ ಆ ಹುಡುಗನ ಜೊತೆ ಜಗ್ಗಾಡದೆ ಡ್ಯೂಟಿ ಮ್ಯಾನೇಜರ್‌ನನ್ನು ಕರೆಸಿ. ಆದರೆ ಅತ್ತೆಯವರ ಹೆಸರಿನಲ್ಲಿ ಶೇಂಗಾ ಉಂಡಿಯ ಡಬ್ಬಿ ದಾಟಿಸಬೇಡಿ. ಬೆಲ್ಲದ ಉಂಡಿ ಅವರು ತಿನ್ನುವ ಹಾಗೂ ಇಲ್ಲ, ಮುಂದಿನ ಸಲ ನಿಜವಾಗಿ ಬೇಕಾದಾಗ ನಂಬುವವರೂ ಇರುವುದಿಲ್ಲ.

ಕೊನೆಯದು, ಡಬ್ಬಿ ಸುರಿದದ್ದು. ಇಲ್ಲಿ ತಪ್ಪು ಪೂರ್ತಿ ಅವರದು. ಖಾಸಗಿ ಸೆಕ್ಯುರಿಟಿಯವರಿಗೆ ಪೊಲೀಸರ ಅಧಿಕಾರ ಇಲ್ಲ. ಚೀಲ ತೋರಿಸಿ ಅಂತ ಕೇಳಬಹುದು, ನೀವು ತೋರಿಸದಿದ್ದರೆ ಒಳಗೆ ಬಿಡದೆ ಇರಬಹುದು. ಬಲವಂತವಾಗಿ ಕೈ ಹಾಕಿ ಹುಡುಕುವ ಹಾಗಿಲ್ಲ. ಸಿಕ್ಕ ತಿಂಡಿ ಅವರ ಷರತ್ತಿಗೆ ವಿರುದ್ಧವಾಗಿದ್ದರೂ ಅದು ನಿಮ್ಮ ಆಸ್ತಿಯೇ. ನಿಮ್ಮ ಒಪ್ಪಿಗೆ ಇಲ್ಲದೆ ಕಸಕ್ಕೆ ಹಾಕುವ ಹಕ್ಕು ಅವರಿಗಿಲ್ಲ. ಟೋಕನ್ ಕೊಟ್ಟು ಇಟ್ಟುಕೊಂಡು, ಹೋಗುವಾಗ ವಾಪಸ್ ಕೊಡಬೇಕು. ಇಲ್ಲದಿದ್ದರೆ ಕೆಳಗೆ ಗಾಡಿಯಲ್ಲಿ ಇಟ್ಟು ಬರಲು ನಿಮಗೆ ಸಮಯ ಕೊಡಬೇಕು. ಮುಂದೆ ಹೀಗಾದರೆ ಅಲ್ಲೇ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ದೂರು ಕೊಡಿ, ಟಿಕೆಟ್ ಮತ್ತು ಫೋಟೊ ಇಟ್ಟುಕೊಳ್ಳಿ. ಜೊತೆಗೆ ಕೌಂಟರಿನಲ್ಲಿ ಕೊಂಡ ನೀರಿನ ಬಾಟಲಿ ಮೇಲಿನ ಎಂ.ಆರ್.ಪಿ. ನೋಡುವ ರೂಢಿ ಮಾಡಿಕೊಳ್ಳಿ. ಒಂದೇ ಸರಕಿಗೆ ಎರಡು ಎಂ.ಆರ್.ಪಿ. ಮುದ್ರಿಸುವುದನ್ನು 2018ರ ಜನವರಿ 1ರಿಂದ ತೂಕ-ಅಳತೆಯ ಕಾನೂನುಮಾಪನ ನಿಯಮ ತಡೆದಿದೆ. ಹೀಗಾಗಿ ಕೆಲವು ಕಡೆ ಹೊರಗಿನ ಅಂಗಡಿಯಲ್ಲಿ ಸಿಗದ ಬ್ರ್ಯಾಂಡಿನ ದುಬಾರಿ ನೀರನ್ನೇ ಇಡುತ್ತಾರೆ. ಅದು ಕಾನೂನಿನ ಒಳಗಿನ ಜಾಣತನ. ಆದರೆ 20 ರೂಪಾಯಿ ಅಂತ ಮುದ್ರಿಸಿದ ಬಾಟಲಿಗೆ 60 ತೆಗೆದುಕೊಂಡರೆ ಬಿಲ್ ಬಿಡಬೇಡಿ. ಹೋಟೆಲ್, ರೆಸ್ಟೋರೆಂಟ್‌ಗಳು ಎಂ.ಆರ್.ಪಿ.ಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ನಿಜ. ಅಲ್ಲಿ ಕೂರಿಸಿ ಬಡಿಸುವ ಸೇವೆ ಇದೆ ಎಂಬ ಕಾರಣಕ್ಕೆ. ಕೌಂಟರಿನಲ್ಲಿ ಕೈಗೆ ಕೊಟ್ಟು ಕಳಿಸುವ ಬಾಟಲಿಗೆ ಆ ಮಾತು ಹೊಂದುವುದಿಲ್ಲ ಅನ್ನುವುದು ನನ್ನ ವಾದ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಥಿಯೇಟರ್ ಹುಬ್ಬಳ್ಳಿಯಲ್ಲಿದ್ದರೂ ನೀವು ಗದಗ ಬಿಟ್ಟು ಓಡಾಡಬೇಕಿಲ್ಲ. ಐದು ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಡಬ್ಬಿಯೊಳಗೆ ಏನೇನಿತ್ತು, ಎಷ್ಟಿತ್ತು ಅಂತ ಅರ್ಜಿಯಲ್ಲಿ ಬರೆಯುವಾಗ ಚಕ್ಲಿಯನ್ನೂ ಬಿಡದೆ ಬರೆಯಿರಿ.